ಜೂನ್ 15ಕ್ಕೆ ಶಾಲೆ ಶುರು: ಗೇಟಿನ ಅಳುವಿಗೆ ಮುಂಚೆ ಮನೆಯಲ್ಲಿ ಏನೇನು ತಯಾರಿ?

ಘೋಡ್‌ಬಂದರ್ ರೋಡ್ ಅಪ್ಪ

ಮಗಳು ನರ್ಸರಿಗೆ, ಮಗ ಒಂದನೇ ಕ್ಲಾಸಿಗೆ. ಇಬ್ಬರಿಗೂ ಹೊಸ ಶಾಲೆ, ಇಂಗ್ಲಿಷ್ ಮಾಧ್ಯಮ, ಬೆಳಗಿನ ಪಾಳಿ. ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತಿಲ್ಲ. ಸೊಸೈಟಿ ಪಾರ್ಕಲ್ಲಿ ಕಿವಿಗೆ ಬಿದ್ದ ಹಿಂದಿ ಅಷ್ಟೋ ಇಷ್ಟೋ. ಇನ್ನು ಮೂರು ವಾರ ಇದೆ. "ಸ್ಕೂಲ್ ಬಗ್ಗೆ ಒಳ್ಳೇದನ್ನೇ ಹೇಳಿ, ಧೈರ್ಯ ತುಂಬಿ" ಅನ್ನೋ ಸಲಹೆ ಬೇಕಾದಷ್ಟು ಸಿಕ್ಕಿದೆ. ನನಗೆ ಬೇಕಿರೋದು ಕೈಗೆ ಹತ್ತುವಂಥದ್ದು: ಯಾವಾಗ ಏನು ಮಾಡಬೇಕು, ಎಲ್ಲಿ ಎಡವಟ್ಟಾಗುತ್ತೆ, ಯಾಕೆ ಆಗುತ್ತೆ. ಮುಂಬೈ-ಪುಣೆ ಕಡೆಯ ಕನ್ನಡಿಗರ ಈ ಗುಂಪಲ್ಲಿ ಟೀಚರುಗಳಿದ್ದೀರಿ, ಡಾಕ್ಟ್ರಿದ್ದೀರಿ. ಬಿಡಿಸಿ ಹೇಳಿ.

ಬಾಲವಾಡಿ ಟೀಚರ್, ದಾದರ್

ಮೊದಲ ವಾರದ ಅಳುವಿಗೆಲ್ಲ "ಅಮ್ಮನ ನೆನಪು" ಅಂತ ಒಂದೇ ಚೀಟಿ ಅಂಟಿಸಿಬಿಡ್ತಾರೆ. ಪಕ್ಕದಲ್ಲಿ ಕೂತು ನೋಡಿದರೆ ಬಹಳ ಸಲ ಕಾರಣ ಬೇರೆಯೇ. ಸುಸು ಬಂದಿದೆ, ಚಡ್ಡಿಯ ಹುಕ್ ಬಿಚ್ಚಲು ಬರ್ತಿಲ್ಲ. ಹಸಿವಾಗಿದೆ, ಡಬ್ಬಿ ತೆರೀತಿಲ್ಲ. ನಿದ್ದೆ ಸಾಲದು. ಆಯಾ ಹೇಳಿದ್ದು ಅರ್ಥ ಆಗಿಲ್ಲ. ಈ ನಾಲ್ಕನ್ನೂ ಮನೆಯಲ್ಲೇ ಸರಿ ಮಾಡಬಹುದು. ನಿಮ್ಮ ಮೂರು ವಾರವನ್ನು ಅದಕ್ಕೇ ಇಡಿ.

ಡಬ್ಬಿಯಿಂದ ಶುರು ಮಾಡ್ತೀನಿ, ಯಾಕೆಂದರೆ ಅದನ್ನು ಯಾರೂ ಲೆಕ್ಕಕ್ಕೇ ಇಡಲ್ಲ. ನಾಲ್ಕೂ ಕಡೆ ಕ್ಲಿಪ್ ಇರೋ, ಒಳಗೆ ರಬ್ಬರ್ ರಿಂಗ್ ಇರೋ ಡಬ್ಬಿ ಸೋರಲ್ಲ ಅಂತ ತರ್ತೀರಿ. ಬೆಳಿಗ್ಗೆ ಬಿಸಿ ಬಿಸಿ ಉಪ್ಪಿಟ್ಟು ತುಂಬಿ ಕೂಡಲೇ ಮುಚ್ಚಿದರೆ ಒಳಗಿನ ಹಬೆ ತಣಿದು ನೀರಾಗುತ್ತೆ, ಒಳಗಡೆ ಗಾಳಿಯ ಒತ್ತಡ ಕಡಿಮೆಯಾಗಿ ಮುಚ್ಚಳ ಕಚ್ಚಿಕೊಳ್ಳುತ್ತೆ. ಕ್ಲಿಪ್ ನಾಲ್ಕೂ ಬಿಚ್ಚಿದರೂ ಮುಚ್ಚಳ ಮೇಲೆ ಬರಲ್ಲ. ಮಗುವಿಗೇನು, ಟೀಚರಿಗೇ ಬರಲ್ಲ ಕೆಲವು ಸಲ. ಅದಕ್ಕೆ ಎರಡು ಉಪಾಯ. ತುಂಬಿದ ಮೇಲೆ ಹತ್ತು ನಿಮಿಷ ತೆರೆದಿಟ್ಟು ಆಮೇಲೆ ಮುಚ್ಚಿ. ಮತ್ತೆ, ತೆರೆಯೋದನ್ನು ಮಗುವಿನ ಕೈಯಲ್ಲೇ ಮಾಡಿಸಿ: ಡಬ್ಬಿ ನೆಲದ ಮೇಲೆ, ಎಡಗೈ ಮೇಲಿಂದ ಒತ್ತಿರಬೇಕು, ಬಲಗೈಯ ಹೆಬ್ಬೆರಳನ್ನು ಕ್ಲಿಪ್ಪಿನ ಅಡಿಗೆ ತೂರಿಸಿ ಮೇಲೆತ್ತಬೇಕು. ಉಗುರಲ್ಲಿ ಎತ್ತಿದರೆ ನೋವಾಗುತ್ತೆ, ಒಂದು ಸಲ ನೋವಾದರೆ ಮತ್ತೆ ಮುಟ್ಟಲ್ಲ. ನರ್ಸರಿ ಮಗುವಿಗೆ ಒಂದೇ ಕ್ಲಿಪ್ಪಿನ ಡಬ್ಬಿ ಅಥವಾ ಸಾದಾ ಸ್ಟೀಲ್ ಡಬ್ಬಿ ಸಾಕು. ಒಣ ತಿಂಡಿ ಹಾಕಿದರೆ ಸೋರೋ ಮಾತೇ ಇಲ್ಲ.

ರೀಸೆಸ್ ಹದಿನೈದು ನಿಮಿಷ ಅಂದರೆ ಕೈ ತೊಳೆಯೋ ಸಾಲು, ಜಾಗ ಹಿಡಿಯೋದು ಎಲ್ಲ ಕಳೆದು ತಿನ್ನೋಕೆ ಸಿಗೋದು ಏಳೆಂಟು ನಿಮಿಷ. ಅಷ್ಟರಲ್ಲಿ ಮುಗಿಯುವಷ್ಟೇ ಹಾಕಿ: ಒಂದು ಚಪಾತಿ ಸುತ್ತಿ ನಾಲ್ಕು ತುಂಡು, ಇಲ್ಲಾ ಎರಡು ಸಣ್ಣ ಇಡ್ಲಿ ಕತ್ತರಿಸಿ ತುಪ್ಪ-ಚಟ್ನಿಪುಡಿ ಸವರಿದ್ದು. ಮೊದಲ ಹದಿನೈದು ದಿನ ಹೊಸ ತಿಂಡಿ ಬೇಡ. ಎಲ್ಲವೂ ಹೊಸದಾಗಿರೋ ಜಾಗದಲ್ಲಿ ಡಬ್ಬಿ ತೆರೆದಾಗ ಮನೆಯ ವಾಸನೆ ಬರಬೇಕು. ಸಂಜೆ ಡಬ್ಬಿ ತುಂಬಿ ವಾಪಸ್ ಬಂದರೆ ಬೈಯಬೇಡಿ. "ತೆರೀಲಿಕ್ಕೆ ಆಯ್ತಾ?" ಅಂತ ಮೊದಲು ಕೇಳಿ.

ಟಾಯ್ಲೆಟ್. ಮನೆಯಲ್ಲಿ ಕಮೋಡ್ ಇರೋ ಮಕ್ಕಳು ಶಾಲೆಯ ಇಂಡಿಯನ್ ಟಾಯ್ಲೆಟ್ ನೋಡಿ ಒಳಗೆ ಕಾಲಿಡೋಕೇ ಹೆದರ್ತಾರೆ, ಒಳಗೆ ಬಿದ್ದುಬಿಡ್ತೀನಿ ಅಂತ. ಶಾಲೆಯಲ್ಲಿ ಯಾವುದಿದೆ ಅಂತ ಈಗಲೇ ಕೇಳಿಕೊಳ್ಳಿ. ಇಂಡಿಯನ್ ಆಗಿದ್ದರೆ ಬಚ್ಚಲಲ್ಲಿ ನೆಲದ ಮೇಲೆ ಚಾಕ್‌ಪೀಸಲ್ಲಿ ಎರಡು ಪಾದ ಬರೆದು ಅದರ ಮೇಲೆ ಕುಕ್ಕರಗಾಲಲ್ಲಿ ಕೂರೋದನ್ನು ಆಟದ ಹಾಗೆ ಮಾಡಿಸಿ. ಫ್ರಾಕ್ ಹಾಕೋ ಹುಡುಗಿಗೆ ಮುಂದಿನ ಸೆರಗನ್ನು ಎರಡೂ ಕೈಯಲ್ಲಿ ಒಟ್ಟು ಮಾಡಿ ಗದ್ದದ ಅಡಿ ಸಿಕ್ಕಿಸಿಕೊಳ್ಳೋದು ಕಲಿಸಿ. ಆಗ ಕೈ ಬಿಡುವಾಗುತ್ತೆ, ಬಟ್ಟೆ ಒದ್ದೆಯಾಗಲ್ಲ. ಯೂನಿಫಾರ್ಮ್ ಚಡ್ಡಿಗೆ ಹುಕ್ ಇದ್ದರೆ ದರ್ಜಿ ಹತ್ತಿರ ಇಲಾಸ್ಟಿಕ್ ಹಾಕಿಸಿ. ಶಾಲೆಯವರು ತಕರಾರು ತೆಗೆಯಲ್ಲ, ತೆಗೆದರೂ ವಾದ ಮಾಡಿ. ಚೀಲದಲ್ಲಿ ಒಂದು ಜೊತೆ ಒಳಚಡ್ಡಿ, ಒಂದು ಪ್ಲಾಸ್ಟಿಕ್ ಚೀಲ. ಅದು ಅಲ್ಲಿದೆ ಅಂತ ಮಗುವಿಗೂ ಗೊತ್ತಿರಬೇಕು.

ಮಕ್ಕಳ ಡಾಕ್ಟ್ರು, ಪುಣೆ

ಟೀಚರ್ ಹೇಳಿದ್ದಕ್ಕೆ ನಿದ್ದೆಯ ಲೆಕ್ಕ ಸೇರಿಸ್ತೀನಿ. ಮೂರರಿಂದ ಐದು ವರ್ಷಕ್ಕೆ ಹಗಲಿನದ್ದೂ ಸೇರಿ ದಿನಕ್ಕೆ 10ರಿಂದ 13 ಗಂಟೆ, ಆರರಿಂದ ಹನ್ನೆರಡಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಬಸ್ 6.40ಕ್ಕೆ ಅಂದರೆ ಏಳೋದು 5.50ಕ್ಕೆ. ಮಗ ರಾತ್ರಿ 8.30ಕ್ಕೆ ನಿದ್ದೆ ಹೋದರೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ, ಅಂದರೆ ಕನಿಷ್ಠದ ಅಂಚು. ಮಗಳಿಗೆ ಅದರ ಮೇಲೆ ಮಧ್ಯಾಹ್ನ ಒಂದೂವರೆ ಗಂಟೆ ಬೇಕು.

ಬೇಸಿಗೆ ರಜೆಯಲ್ಲಿ ಮಕ್ಕಳು ಮಲಗೋದು ಹತ್ತೂವರೆಗೆ. ಅಲ್ಲಿಂದ 8.30ಕ್ಕೆ ತರಬೇಕಾದರೆ ಎರಡು ಗಂಟೆ ಹಿಂದಕ್ಕೆ. ಎರಡು ದಿನಕ್ಕೊಮ್ಮೆ ಹದಿನೈದು ನಿಮಿಷ ಜಾರಿಸಿದರೆ ಹದಿನಾರು ದಿನ. ನಿಮ್ಮ ಮೂರು ವಾರಕ್ಕೆ ಸರಿಯಾಗಿ ಕೂರುತ್ತೆ, ಇವತ್ತೇ ಶುರು ಮಾಡಿದರೆ. ಎಲ್ಲರೂ ಎಡವೋದು ಒಂದೇ ಕಡೆ: ಬೇಗ ಮಲಗಿಸಲು ಹೋಗ್ತಾರೆ. ನಿದ್ದೆ ಬಾರದ ಮಗುವನ್ನು ಕತ್ತಲಲ್ಲಿ ಮಲಗಿಸಿದರೆ ಒಂದು ಗಂಟೆ ಹೊರಳಾಟ, ಜಗಳ. ಬೆಳಿಗ್ಗೆ ಏಳಿಸೋದನ್ನು ಮೊದಲು ಹಿಂದಕ್ಕೆ ತನ್ನಿ, ಎದ್ದ ಕೂಡಲೇ ಬಾಲ್ಕನಿಯ ಬೆಳಕಿಗೆ ಕರ್ಕೊಂಡು ಹೋಗಿ. ಹಗಲು ನಿದ್ದೆ ಮೂರೂವರೆಯೊಳಗೆ ಮುಗೀಲಿ. ರಾತ್ರಿಯದು ತಾನೇ ಹಿಂದೆ ಬರುತ್ತೆ. ಮಲಗೋಕೆ ಒಂದು ಗಂಟೆ ಮುಂಚೆ ಟಿವಿ, ಮೊಬೈಲ್ ಬಂದ್.

ಮುಂಬೈಯಲ್ಲಿ ಇದಕ್ಕೆ ಅಡ್ಡ ಬರೋದು ಲೋಕಲ್ ಟ್ರೇನು. ಅಪ್ಪ ಮನೆ ಸೇರೋದು ಒಂಬತ್ತಕ್ಕೆ, ಮಕ್ಕಳು ಕಾದು ಕೂತಿರ್ತಾರೆ, ಬಾಗಿಲು ತೆರೆದ ಮೇಲೆ ಅರ್ಧ ಗಂಟೆ ಕುಣಿತ. ಅಪ್ಪನ ಪಾಲಿನ ಸಮಯವನ್ನು ಬೆಳಿಗ್ಗೆಗೆ ಬದಲಾಯಿಸಿ. ಹಲ್ಲುಜ್ಜಿಸೋದು, ಶೂ ಹಾಕಿಸೋದು, ಬಸ್ಸಿಗೆ ಬಿಡೋದು ಅಪ್ಪನ ಕೆಲಸ ಆಗಲಿ.

ಬೆಳಿಗ್ಗೆ ದೊಡ್ಡ ಲೋಟ ಹಾಲು ಕುಡಿಸಿ ಐದೇ ನಿಮಿಷದಲ್ಲಿ ವ್ಯಾನ್ ಹತ್ತಿಸಿದರೆ ವಾಂತಿ ಗ್ಯಾರಂಟಿ. ಅರ್ಧ ಕಪ್ ಹಾಲು, ಅರ್ಧ ಬಾಳೆಹಣ್ಣು, ಹೊರಡೋಕೆ ಇಪ್ಪತ್ತು ನಿಮಿಷ ಮುಂಚೆ. ತಿಂದ ಮೇಲೆ ಕರುಳಿಗೆ ಚಲನೆ ಬರೋದು ಸಹಜ, ಆಗ ಐದರಿಂದ ಹತ್ತು ನಿಮಿಷ ಟಾಯ್ಲೆಟ್‌ನಲ್ಲಿ ಕೂರಿಸಿ. ಕಮೋಡ್ ಆದರೆ ಕಾಲು ನೇತಾಡಬಾರದು, ಕೆಳಗೆ ಮಣೆ ಇಡಿ. ಶಾಲೆಯಲ್ಲಿ ತಡೆದುಕೊಂಡರೆ ಮಲ ಗಟ್ಟಿಯಾಗುತ್ತೆ, ಗಟ್ಟಿಯಾದರೆ ನೋವು, ನೋವಾದರೆ ಇನ್ನೂ ತಡೆಯೋದು. ಕೆಲವು ವಾರದ ನಂತರ ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ಸೋರೋಕೆ ಶುರುವಾಗುತ್ತೆ. ಅದನ್ನು ಸೋಮಾರಿತನ ಅಂತ ಹೊಡೆಯೋರಿದ್ದಾರೆ. ಅದು ಮಲಬದ್ಧತೆ, ಔಷಧಿ ಇದೆ. ನೀರು ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕಾಗುತ್ತೆ ಅಂತ ನೀರೇ ಕುಡಿಯದ ಮಕ್ಕಳೂ ಇದ್ದಾರೆ. ಮೂತ್ರದ ಸೋಂಕಿಗೆ ಅದೂ ಒಂದು ದಾರಿ, ಹೆಣ್ಣುಮಕ್ಕಳಲ್ಲಿ ಹೆಚ್ಚು. ಬಾಟಲಿ 400 ಎಂಎಲ್‌ನದು ಸಾಕು, ಖಾಲಿಯಾಗಿ ಬಂತಾ ಅಂತ ದಿನಾ ನೋಡಿ.

ಮಗನಿಗೆ ಐದರಿಂದ ಆರು ವರ್ಷದೊಳಗಿನ ಡಿಪಿಟಿ ಬೂಸ್ಟರ್ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯೋ ಲಸಿಕೆ) ಬಾಕಿ ಇದ್ದರೆ ಈ ವಾರವೇ ಹಾಕಿಸಿ. ಜ್ವರ, ತೋಳುನೋವು ಶಾಲೆಯ ಮೊದಲ ದಿನಕ್ಕೆ ಬಂದು ಕೂರೋದು ಬೇಡ.

ಮುಲುಂಡ್ ಅಜ್ಜ

ಇಷ್ಟೆಲ್ಲ ಬೇಕೇನ್ರೀ? ಎರಡು ದಿನ ಅಳ್ತಾವೆ, ಮೂರನೇ ದಿನ ಗೆಳೆಯರ ಜೊತೆ ಆಡ್ಕೊಂಡು ಕೂರ್ತಾವೆ. ತಯಾರಿ ತಯಾರಿ ಅಂತ ಮೂರು ವಾರದಿಂದ ಜಪ ಮಾಡಿದರೆ ಮಗುವಿಗೇ ಅನುಮಾನ ಬರುತ್ತೆ, ಏನೋ ಭಾರಿ ಕಂಟಕ ಕಾದಿದೆ ಅಂತ.

ಬಾಲವಾಡಿ ಟೀಚರ್, ದಾದರ್

ಅಜ್ಜನ ಮಾತಿನ ಎರಡನೇ ಭಾಗ ನೂರಕ್ಕೆ ನೂರು ನಿಜ. ನಾನು ಹೇಳಿದ ತಯಾರಿಯಲ್ಲಿ "ಸ್ಕೂಲ್" ಅನ್ನೋ ಪದವೇ ಬೇಕಾಗಿಲ್ಲ. ಡಬ್ಬಿ ತೆರೆಯೋದು, ಚಡ್ಡಿ ಏರಿಸೋದು, ಬೇಗ ಏಳೋದು, ಅಷ್ಟೇ. ಶಾಲೆಯ ಸುದ್ದಿಯನ್ನು ಸಣ್ಣ ಮಗುವಿಗೆ ಒಂದು ವಾರ ಮುಂಚೆ ಹೇಳಿದರೆ ಸಾಕು, ಮೂರು ವರ್ಷದ ಮಗುವಿಗೆ "ಇನ್ನು ಇಪ್ಪತ್ತು ದಿನ" ಅಂದರೆ ಏನೂ ತಿಳಿಯಲ್ಲ. ಊಟಕ್ಕೆ ಹಟ ಮಾಡಿದಾಗ "ತಡಿ, ಸ್ಕೂಲಿಗೆ ಹೋಗ್ತೀಯಲ್ಲ, ಟೀಚರ್ ಸರಿ ಮಾಡ್ತಾರೆ" ಅನ್ನೋ ಒಂದು ಮಾತಿಗೆ ಮೂರು ವಾರದ ತಯಾರಿ ನೀರುಪಾಲು. ದಯವಿಟ್ಟು ಅಜ್ಜ-ಅಜ್ಜಿಯರಿಗೂ ಇದನ್ನು ಹೇಳಿಡಿ.

ಮಾತು-ಭಾಷೆ ಥೆರಪಿಸ್ಟ್, ಕೋಥ್ರೂಡ್

ಭಾಷೆಯ ವಿಚಾರಕ್ಕೆ ಬರ್ತೀನಿ, ನಮ್ಮ ಮಕ್ಕಳಿಗೆ ಇಲ್ಲಿ ಅದೇ ದೊಡ್ಡದು.

ಮೂರು ವಾರದಲ್ಲಿ ಇಂಗ್ಲಿಷ್ ಕಲಿಸಲು ಹೋಗಬೇಡಿ, ಆಗಲ್ಲ. ಐದಾರು ಮಾತು ಸಾಕು, ಒಂದು ಅಗತ್ಯಕ್ಕೆ ಒಂದೇ ಮಾತು. ಅದು ಯಾರ ಕಿವಿಗೆ ಬೀಳುತ್ತೆ ಅನ್ನೋದನ್ನು ನೋಡಿ ಭಾಷೆ ಆರಿಸಿ. ಟಾಯ್ಲೆಟ್‌ಗೆ ಕರ್ಕೊಂಡು ಹೋಗೋದು, ಡಬ್ಬಿ ತೆರೆದು ಕೊಡೋದು ಮಾವಶಿ, ಅಂದರೆ ಆಯಾ. ಅವರಿಗೆ ಮರಾಠಿಯಲ್ಲೇ ಹೇಳಬೇಕು: "ಮಾವಶಿ, ಶೂಲಾ ಜಾಯ್ಚಂಯ್", ಸುಸುಗೆ ಹೋಗಬೇಕು. "ಪಾಣಿ ಪಾಹಿಜೆ", ನೀರು ಬೇಕು. "ಉಘಡೂನ್ ದ್ಯಾ", ಅಂದರೆ ತೆರೆದು ಕೊಡಿ. "ಪೋಟ್ ದುಖತಂಯ್", ಹೊಟ್ಟೆ ನೋವು. ಟೀಚರಿಗೆ ಇಂಗ್ಲಿಷಲ್ಲಿ "ಹೆಲ್ಪ್ ಮಿ" ಒಂದು. ಜೊತೆ ಮಕ್ಕಳಿಗೆ ಹಿಂದಿಯಲ್ಲಿ "ಮೇರಾ ಹೈ" (ಇದು ನಂದು) ಒಂದು, ಅದು ಬೇಕೇ ಬೇಕು. ಗೋವಾದಲ್ಲಿರೋರು ಮಾವಶಿ ಮಾತನ್ನು ಕೊಂಕಣಿಗೆ ಬದಲಾಯಿಸಿಕೊಳ್ಳಿ: "ಮಾಕಾ ಉದಾಕ್ ಜಾಯ್" ಅಂದರೆ ನೀರು ಸಿಗುತ್ತೆ.

ಗಿಣಿಪಾಠ ಮಾಡಿಸಿದರೆ ಸಮಯಕ್ಕೆ ಬಾಯಿಗೆ ಬರಲ್ಲ. ಮಾತಿನ ಜೊತೆ ಕೆಲಸ ಇರಬೇಕು. ಬಚ್ಚಲ ಬಾಗಿಲಲ್ಲಿ ನಿಂತು "ಶೂಲಾ ಜಾಯ್ಚಂಯ್" ಅಂದರೆ ಮಾತ್ರ ಬಾಗಿಲು ತೆರೆಯೋ ಆಟ ಆಡಿ. ಎರಡನೇ ವಾರ ಹೊರಗಿನವರ ಮೇಲೆ ಪ್ರಯೋಗ: ಸೊಸೈಟಿಯ ವಾಚ್‌ಮನ್ ಹತ್ತಿರ ನೀರು ಕೇಳಿಸಿ, ಕೆಲಸಕ್ಕೆ ಬರೋ ತಾಯಿಯ ಹತ್ತಿರ ಡಬ್ಬಿ ತೆರೆಸಿ. ಪರಿಚಯ ಇಲ್ಲದವರ ಮುಂದೆ ಒಂದು ಸಲ ಮಾತು ಹೊರಬಿದ್ದರೆ ಶಾಲೆಯಲ್ಲೂ ಹೊರಬೀಳುತ್ತೆ.

ಹೆಸರು! ಮನೆಯಲ್ಲಿ ಪುಟ್ಟಿ, ಚಿನ್ನು, ಅಪ್ಪು. ಹಾಜರಿ ಪುಸ್ತಕದಲ್ಲಿ ಬೇರೆ. ಇಲ್ಲಿನ ಶಾಲೆಗಳಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರೂ ಸೇರಿಸಿ ಕೂಗ್ತಾರೆ. ನಮ್ಮಲ್ಲಿ ಇನಿಶಿಯಲ್ ಮಾತ್ರ ಇಟ್ಟುಕೊಂಡ ಮನೆಗಳಲ್ಲಿ ಊರಿನ ಹೆಸರೋ ತಾತನ ಹೆಸರೋ ಅಡ್ಡಹೆಸರಾಗಿ ಹೋಗಿ ಕೂತಿರುತ್ತೆ. ಮಗುವಿಗೆ ಅದು ತನ್ನ ಹೆಸರು ಅಂತಲೇ ಗೊತ್ತಿರಲ್ಲ. "ಕರೆದರೂ ತಿರುಗಿ ನೋಡಲ್ಲ, ಕಿವಿ ಟೆಸ್ಟ್ ಮಾಡಿಸಿ" ಅಂತ ಡೈರಿಯಲ್ಲಿ ಬರೆದು ಕಳಿಸ್ತಾರೆ ಕೊನೆಗೆ. ದಿನಕ್ಕೆ ನಾಲ್ಕು ಸಲ ಪೂರ್ತಿ ಹೆಸರು ಕೂಗಿ, ಕೈ ಎತ್ತಿ "ಪ್ರೆಸೆಂಟ್" ಅನ್ನಿಸಿ.

ಶಾಲೆ ಶುರುವಾದ ಮೇಲೆ ಮಗು ಅಲ್ಲಿ ತುಟಿ ಬಿಚ್ಚದೇ ಇರಬಹುದು. ಹೊಸ ಭಾಷೆಗೆ ಹೋದ ಮಕ್ಕಳು ಕೆಲವು ವಾರ, ಒಮ್ಮೊಮ್ಮೆ ಕೆಲವು ತಿಂಗಳು ಬರೀ ಕೇಳಿಸಿಕೊಳ್ತಾರೆ. ಆ ಸಮಯದಲ್ಲಿ ನೋಡಬೇಕಾದ್ದು ಮಾತನ್ನಲ್ಲ: ಬೆರಳು ಮಾಡಿ ತೋರಿಸ್ತಾಳಾ, ಹಾಡಿಗೆ ಕೈ ಆಡಿಸ್ತಾಳಾ, ಬೇರೆ ಮಕ್ಕಳ ಹಿಂದೆ ಓಡ್ತಾಳಾ? ಇವಿಷ್ಟಿದ್ದರೆ ಭಾಷೆ ಒಳಗೆ ಇಳೀತಿದೆ. ಆಗ ಕೆಲವು ಶಾಲೆಗಳಿಂದ ಒಂದು ಸಲಹೆ ಬರುತ್ತೆ: "ಮನೆಯಲ್ಲೂ ಇಂಗ್ಲಿಷ್ ಮಾತಾಡಿ." ಒಪ್ಪಬೇಡಿ. ಮನೆಯಲ್ಲಿ ಕನ್ನಡದಲ್ಲಿ "ಯಾಕೆ ಸಿಟ್ಟು ಬಂತು, ಯಾರು ಏನಂದ್ರು" ಅಂತ ಉದ್ದ ಮಾತಾಡೋ ಮಗು ಇಂಗ್ಲಿಷಲ್ಲಿ "ಕಮ್, ಸಿಟ್, ಈಟ್" ಅನ್ನೋ ಮಟ್ಟಕ್ಕೆ ಇಳಿಯುತ್ತೆ. ಕತೆ ಹೇಳೋಕೆ, ಅಳಲು ತೋಡಿಕೊಳ್ಳೋಕೆ ಜಾಗವೇ ಉಳಿಯಲ್ಲ.

ವಡಾಳಾ ಕನ್ನಡತಿ

ಅಕ್ಷರದ ವಿಷಯ? ಒಂದನೇ ಕ್ಲಾಸಿನ ಮಗನಿಗೆ ಇಂಗ್ಲಿಷ್, ದೇವನಾಗರಿ ಎರಡನ್ನೂ ಶಾಲೆಯಲ್ಲಿ ಕಲಿಸ್ತಾರೆ. 2020ರ ಕಾಯ್ದೆ ಪ್ರಕಾರ ಮಹಾರಾಷ್ಟ್ರದ ಎಲ್ಲ ಬೋರ್ಡಿನ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಇದರ ಜೊತೆ ಮನೆಯಲ್ಲಿ ಅ ಆ ಇ ಈ ಹಾಕಿಸಬೇಕಾ ಬೇಡವಾ?

ಮಾತು-ಭಾಷೆ ಥೆರಪಿಸ್ಟ್, ಕೋಥ್ರೂಡ್

ನನ್ನ ಅಭಿಪ್ರಾಯ: ದೀಪಾವಳಿ ರಜೆಯವರೆಗೆ ಬೇಡ. ಕನ್ನಡದಲ್ಲಿ ಕತೆ ಓದಿ ಹೇಳಿ, ಬರೆಸೋದು ಆಮೇಲೆ. ದೇವನಾಗರಿ ಕೈಗೆ ಕೂತ ಮೇಲೆ ಸ್ವರ, ಕಾಗುಣಿತ, ಒತ್ತಕ್ಷರದ ಕ್ರಮ ತಲೆಯಲ್ಲಿರುತ್ತೆ, ಕನ್ನಡ ಲಿಪಿ ಸಲೀಸು.

ವಡಾಳಾ ಕನ್ನಡತಿ

ನಾನು ಒಪ್ಪಲ್ಲ. ಮುಂದೂಡಿದ ಮನೆಗಳಲ್ಲಿ ಅದು ಮುಂದೂಡ್ತಾನೇ ಹೋಗುತ್ತೆ. ದಿನಕ್ಕೆ ಐದು ನಿಮಿಷ ಸ್ಲೇಟಿನ ಮೇಲೆ ಒಂದಕ್ಷರ, ಆಟದ ಹಾಗೆ, ಮಗುವಿಗೇನೂ ಭಾರ ಆಗಲ್ಲ. ಅಂದಹಾಗೆ ಮುಂಬೈ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತೆ, ಕನ್ನಡವೂ ಅದರಲ್ಲಿದೆ. ವಡಾಳಾದಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿ ಶಾಲೆ ಇದೆ. ಹೊಸದಾಗಿ ಬಂದವರಿಗೆ ಇದು ಗೊತ್ತೇ ಇರಲ್ಲ.

ಚಿಂಚವಡ ಕಾಕಾ

ಮಳಿ ಬಗ್ಗೆ ಯಾರೂ ಬರದಿಲ್ಲಲ್ರೀ. ಮುಂಬೈಗೆ ಮಳಿಗಾಲ ಬರೋ ವಾಡಿಕಿ ದಿನಾ ಜೂನ್ 11, ಸಾಲಿ ಸುರು 15ಕ್ಕ. ಅಂದ್ರ ಮಗು ಮೊದಲನೇ ದಿನಾನೇ ರೇನ್‌ಕೋಟ್ ಹಾಕ್ಕೊಂಡು ಹೋಗೋ ಪ್ರಸಂಗ ಬರ್ತದ.

ಮುಂದ ಪೂರ್ತಿ ತೆರೆಯೋ ರೇನ್‌ಕೋಟ್ ತಗೋರಿ, ತಲಿ ಮ್ಯಾಲಿಂದ ಹಾಕ್ಕೊಳ್ಳೋದು ಬ್ಯಾಡ. ಹಾಕ್ಕೊಳ್ಳೋದು ಹಿಂಗ ಕಲಸ್ರಿ: ಕೋಟು ನೆಲದ ಮ್ಯಾಲ ಹಾಸ್ರಿ, ಒಳಮೈ ಮ್ಯಾಲ ಬರಬೇಕು, ಕಾಲರ್ ಮಗುವಿನ ಕಾಲಿನ ಕಡೆ ಇರಬೇಕು. ಮಗು ಬಗ್ಗಿ ಎರಡೂ ಕೈ ತೋಳಿನಾಗ ಹಾಕಿ, ಕೈ ಮ್ಯಾಲೆತ್ತಿ ತಲಿ ಹಿಂದಕ್ಕ ಒಗೀಬೇಕು. ಕೋಟು ತಾನ ಬೆನ್ನಿಗೆ ಕೂಡ್ತದ. ಕಾಲರ್ ಆಚೆ ಕಡೆ ಇಟ್ರ ಕೋಟು ತಲೆಕೆಳಗ ಆಗ್ತದ, ತಪ್ಪಾಗೋದು ಅಲ್ಲೇ. ಬೆನ್ನಿಗೆ ಗೂನಿದ್ದ ಕೋಟು, ಚೀಲ ಒಳಗ ಇರೋದು, ಅದು ಆರು ವರ್ಷದೊಳಗಿನವ್ರಿಗೆ ಒಬ್ಬರಿಗೇ ಹಾಕ್ಕೊಳ್ಳಿಕ್ಕೆ ಆಗೂದಿಲ್ಲ. ಚೀಲಕ್ಕ ಬ್ಯಾರೆ ಕವರ್ ಹಾಕ್ರಿ.

ಉದ್ದ ಮೊಣಕಾಲು ದಾಟಿ ನಾಕು ಬೆರಳು, ಅದಕ್ಕಿಂತ ಜಾಸ್ತಿ ಇದ್ರ ಬಸ್ಸಿನ ಮೆಟ್ಟಲದಾಗ ಕಾಲಿಗೆ ಸಿಕ್ಕಿ ಬೀಳ್ತಾವ. "ಮುಂದಿನ ವರ್ಷಕ್ಕೂ ಬರ್ಲಿ" ಅಂತ ದೊಡ್ಡದು ತರೋ ಉಳಿತಾಯ ಇಲ್ಲಿ ಬ್ಯಾಡ. ಗಮ್‌ಬೂಟಿಗೆ ಮ್ಯಾಲಿಂದ ನೀರು ಹೋದ್ರ ಹೊರಗ ಬರೂದಿಲ್ಲ, ಇಡೀ ದಿನಾ ಒದ್ದಿ ಕಾಲು. ಹಿಂದ ಪಟ್ಟಿ ಇದ್ದ ಸ್ಯಾಂಡಲ್ ಮಳಿಗಾಲಕ್ಕ ನಡಿತದೇನು ಅಂತ ಸಾಲ್ಯಾಗ ಕೇಳ್ರಿ. ಶೂನೇ ಬೇಕಂದ್ರ ಒಂದು ಜೋಡಿ ಸಾಕ್ಸ್ ಜಿಪ್ ಚೀಲದಾಗ ಕಳಸ್ರಿ. ಹೆಸರು ಕೋಟಿನ ಒಳಗ ಅಳಿಸದ ಮಾರ್ಕರ್‌ನಾಗ ಬರೀರಿ, ಕ್ಲಾಸಿನಾಗ ಅರ್ಧ ಕೋಟು ಹಳದಿನೇ ಇರ್ತಾವ.

ಇನ್ನೊಂದು. ಟೋಪಿ ಹಾಕ್ಕೊಂಡಾಗ ಮಳಿ ಸಪ್ಪಳ ಕಿವಿಯಾಗ ಜೋರ್ ಕೇಳ್ತದ, ಬಾಜೂದ್ದು ಕಾಣೂದಿಲ್ಲ. ಕೆಲವು ಹುಡುಗ್ರು ಅದಕ್ಕ ಅಂಜಿ ಅಳ್ತಾವ. ಮನ್ಯಾಗ ಶವರ್ ಕೆಳಗ ನಿಲ್ಲಿಸಿ ರೂಢಿ ಮಾಡ್ರಿ, ನಗ್ತಾವ.

ಘೋಡ್‌ಬಂದರ್ ರೋಡ್ ಅಪ್ಪ

ಶವರ್ ಐಡಿಯಾ ಸೂಪರ್. ಬಸ್ ಬಗ್ಗೆ? ಮಗ ಕಾರಲ್ಲೇ ವಾಂತಿ ಮಾಡೋನು.

ಚಿಂಚವಡ ಕಾಕಾ

ಹಿಂದಿನ ಸೀಟು ಬ್ಯಾಡ, ಅಲ್ಲಿ ಕುಲುಕಾಟ ಜಾಸ್ತಿ. ಮುಂದಿನ ಭಾಗದಾಗ, ಮುಂದಕ್ಕ ಮುಖ ಮಾಡಿ ಕೂಡೋ ಸೀಟು, ಕಿಟಕಿ ಚೂರು ತೆಗೆದಿರಬೇಕು. ಬಾಜೂಕ ಮುಖ ಮಾಡಿ ಬೆಂಚ್ ಹಾಕಿದ ವ್ಯಾನ್ ಇದ್ರ ಅವನಿಗೆ ತಡೀಲಿಕ್ಕೆ ಆಗೂದಿಲ್ಲ. ಮಹಾರಾಷ್ಟ್ರದ 2011ರ ಸ್ಕೂಲ್ ಬಸ್ ನಿಯಮದ ಪ್ರಕಾರ ಪ್ರತಿ ಸಾಲ್ಯಾಗ ಸಾರಿಗೆ ಸಮಿತಿ ಇರಬೇಕು, ಬಸ್ಸಿನಾಗ ಅಟೆಂಡೆಂಟ್ ಇರಬೇಕು. ಸಮಿತಿಯವರ ಹತ್ರ ಸೀಟು ಕೇಳ್ರಿ. ಇಳಿಯೋ ಜಾಗಾದಾಗ ಯಾರು ಬರ್ತಾರ ಅನ್ನೋದು ಅಟೆಂಡೆಂಟಿಗೆ ಫೋಟೊ ಸಮೇತ ಗೊತ್ತಿರಬೇಕು. ಸಣ್ಣಾಕಿಗೆ ಮೊದಲ ವಾರ ಬಸ್ ಬ್ಯಾಡೇ ಬ್ಯಾಡ, ನೀವೇ ಬಿಡ್ರಿ.

ಪ್ರೈಮರಿ ಮೇಡಂ, ಡೊಂಬಿವಲಿ

ಒಂದನೇ ಕ್ಲಾಸಿನ ಮಗನ ಬಗ್ಗೆ ಯಾರೂ ಹೆಚ್ಚು ಹೇಳಿಲ್ಲ. ದೊಡ್ಡವನು, ಅಭ್ಯಾಸ ಇದೆ ಅಂದುಕೊಳ್ತಾರೆ. ನಿಜ ಹೇಳಬೇಕೆಂದರೆ ಕೆಜಿಯಿಂದ ಒಂದಕ್ಕೆ ಹಾರೋದೇ ಕಷ್ಟದ ಹಾರಾಟ. ಚಾಪೆ ಹೋಗಿ ಬೆಂಚು ಬರುತ್ತೆ, ಮೂವತ್ತು-ಮೂವತ್ತೈದು ನಿಮಿಷದ ಪೀರಿಯಡ್, ಬೋರ್ಡ್ ನೋಡಿ ಬರೆಯೋದು, ತನ್ನ ಸಾಮಾನು ತಾನೇ ಕಾಯೋದು.

ಬೋರ್ಡ್ ನೋಡಿ ಬರೆಯೋದು ಬೇರೆಯೇ ವಿದ್ಯೆ. ತಲೆ ಎತ್ತಿ ನೋಡಬೇಕು, ನೆನಪಲ್ಲಿಟ್ಟುಕೊಳ್ಳಬೇಕು, ತಲೆ ತಗ್ಗಿಸಿ ಜಾಗ ಹುಡುಕಿ ಬರೆಯಬೇಕು. ಪುಸ್ತಕದಲ್ಲಿ ಚುಕ್ಕಿ ಸೇರಿಸಿ ಬರೆದ ಮಗು ಇಲ್ಲಿ ತಡಕಾಡುತ್ತೆ. ಮನೆಯಲ್ಲಿ ಫ್ರಿಜ್ ಬಾಗಿಲಿಗೆ ಮೂರು ಅಕ್ಷರದ ಒಂದು ಪದ ಅಂಟಿಸಿ, ಐದಾರು ಅಡಿ ದೂರದಲ್ಲಿ ಕೂತು ಬರೆಯಲಿ, ದಿನಕ್ಕೆ ಒಂದೇ ಪದ. ಕಣ್ಣು ಕಿರಿದು ಮಾಡಿದರೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಜೂನ್‌ಗೆ ಮುಂಚೆಯೇ. ಬೆರಳಿನ ಬಲಕ್ಕೆ ಪುಟಗಟ್ಟಲೆ ಬರೆಸೋದಕ್ಕಿಂತ ಚಪಾತಿ ಹಿಟ್ಟು ನಾದಿಸೋದು, ಬಟ್ಟೆ ಕ್ಲಿಪ್ ಹಾಕಿಸೋದು ಮೇಲು.

ಕೇಂದ್ರದ 2020ರ ಸ್ಕೂಲ್ ಬ್ಯಾಗ್ ನೀತಿಯಲ್ಲಿ ಒಂದು-ಎರಡನೇ ತರಗತಿಯ ಚೀಲದ ತೂಕ 1.6ರಿಂದ 2.2 ಕೆಜಿ, ಪ್ರೀ-ಪ್ರೈಮರಿಗೆ ಚೀಲವೇ ಇಲ್ಲ, ಎರಡನೇ ತರಗತಿವರೆಗೆ ಹೋಂವರ್ಕ್ ಇಲ್ಲ ಅಂತಿದೆ. ಅಡುಗೆಮನೆ ತಕ್ಕಡಿಯಲ್ಲೇ ತೂಗಿ ನೋಡಿ. ಖಾಲಿ ಚೀಲವೇ 700-800 ಗ್ರಾಂ ತೂಗುವಂಥದ್ದನ್ನು ಕೊಂಡಿದ್ದರೆ ತಪ್ಪು ಅಲ್ಲೇ ಆಗಿದೆ. ಒಂದನೇ ತರಗತಿಗೆ ಎನ್‌ಸಿಇಆರ್‌ಟಿಯ (ಪಠ್ಯಪುಸ್ತಕ ರೂಪಿಸೋ ಕೇಂದ್ರ ಸಂಸ್ಥೆ) "ವಿದ್ಯಾ ಪ್ರವೇಶ" ಅಂತ ಹನ್ನೆರಡು ವಾರದ ಆಟದ ಪಾಠಕ್ರಮ ಇದೆ, 2021ರಲ್ಲಿ ಬಂದಿದ್ದು. ನಿಮ್ಮ ಶಾಲೆಯಲ್ಲಿ ಅದನ್ನು ಮಾಡ್ತಾರಾ ಅಂತ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಕೇಳಿ. ಮಾಡೋ ಶಾಲೆಯಲ್ಲಿ ಮೊದಲ ಮೂರು ತಿಂಗಳು ನೋಟ್‌ಬುಕ್ ತುಂಬಲ್ಲ. ಅದಕ್ಕೆ ಪಾಲಕರೇ ಗಲಾಟೆ ಮಾಡ್ತಾರೆ, ಅದು ಬೇರೆ ಮಾತು.

ಪೌಚಿನಲ್ಲಿ ಚೂಪು ಮಾಡಿದ ಎರಡು ಪೆನ್ಸಿಲ್, ಸಾದಾ ಬಿಳಿ ರಬ್ಬರ್, ಅಷ್ಟೇ. ಸ್ಟ್ರಾಬೆರಿ ವಾಸನೆಯ ರಬ್ಬರ್ ಕಳಿಸಿದಿರೋ, ಮೊದಲ ದಿನದ ಜಗಳ ಅದರ ಮೇಲೆಯೇ.

ಮುಲುಂಡ್ ಅಜ್ಜ

ಚಿಕ್ಕ ಮಕ್ಕಳ ಶಾಲೆ ಒಂಬತ್ತಕ್ಕೆ ಮುಂಚೆ ಇರಬಾರದು ಅಂತ ಸರ್ಕಾರವೇ ಹೇಳಿತ್ತಲ್ಲ?

ಪ್ರೈಮರಿ ಮೇಡಂ, ಡೊಂಬಿವಲಿ

ಹೌದು, ಫೆಬ್ರವರಿ 2024ರಲ್ಲಿ. ನಾಲ್ಕನೇ ತರಗತಿವರೆಗೆ ಬೆಳಿಗ್ಗೆ 9 ಅಥವಾ ಆಮೇಲೆ ಅಂತ. ಎರಡು ಪಾಳಿಯಲ್ಲಿ ನಡೆಯೋ ಶಾಲೆಗಳು ಕಟ್ಟಡ, ಬಸ್ ಸಾಲಲ್ಲ ಅಂತ ತಕರಾರು ಮಾಡಿದವು. ಪೇರೆಂಟ್-ಟೀಚರ್ ಸಂಘದಲ್ಲಿ ಎತ್ತಬೇಕಾದ ವಿಷಯ. ಈ ಜೂನ್‌ಗೆ ಮಾತ್ರ 5.50ರ ಲೆಕ್ಕವೇ ಹಿಡಿಯಿರಿ.

ಬಾಲವಾಡಿ ಟೀಚರ್, ದಾದರ್

ಗೇಟಿನ ವಿಚಾರ ಕೊನೆಗೆ ಇಟ್ಟಿದ್ದೆ. ಬಿಡೋಕೆ ಬರೋರು ಒಬ್ಬರೇ ಬನ್ನಿ, ಬಿಟ್ಟು ಹೋಗೋ ಗಟ್ಟಿತನ ಇರೋರೇ ಬನ್ನಿ. ಅದು ಅಮ್ಮನೇ ಆಗಬೇಕಿಲ್ಲ. ಇಡೀ ಕುಟುಂಬ, ಹಿಂದೆ ಮೊಬೈಲ್ ಹಿಡಿದ ಚಿಕ್ಕಪ್ಪ, ಇದೆಲ್ಲ ಬೇಡ. ಬಗ್ಗಿ, ಕಣ್ಣಿಗೆ ಕಣ್ಣು ಕೊಟ್ಟು, ಒಂದು ಅಪ್ಪುಗೆ, ದಿನಾ ಅದೇ ಒಂದು ಮಾತು, ಟಾಟಾ, ತಿರುಗಿ ನಡೆಯೋದು. ಒಂದು ನಿಮಿಷದೊಳಗೆ. "ಒಂದೇ ನಿಮಿಷ ಬರ್ತೀನಿ" ಅಂತ ಸುಳ್ಳು ಹೇಳಿ ಹೋದರೆ, ಅಥವಾ ಆಟಿಕೆ ತೋರಿಸಿ ಕಣ್ಣು ತಪ್ಪಿಸಿದರೆ, ಮರುದಿನ ಮಗು ನಿಮ್ಮ ಮೇಲಿನ ಕಣ್ಣು ತೆಗೆಯಲ್ಲ, ಆಟಕ್ಕೂ ಕೂರಲ್ಲ. ಹೋಗಿ ಮತ್ತೆ ಕಿಟಕಿಯಲ್ಲಿ ಇಣುಕೋದು ಅದಕ್ಕಿಂತ ಕೆಟ್ಟದ್ದು. ನಿಂತ ಅಳು ಮೊದಲಿಂದ ಶುರು.

"ಹನ್ನೊಂದು ಗಂಟೆಗೆ ಬರ್ತೀನಿ" ಅನ್ನೋದು ಮೂರು ವರ್ಷದ ಮಗುವಿಗೆ ಮುಟ್ಟಲ್ಲ. "ಡಬ್ಬಿ ತಿಂದು, ಹಾಡು ಹಾಡಿ, ಚಪ್ಪಲಿ ಹಾಕ್ಕೊಂಡ ಮೇಲೆ ಗೇಟಲ್ಲಿ ನಾನು" ಅನ್ನಿ. ದಿನದ ಕ್ರಮ ಏನು ಅಂತ ಟೀಚರ್ ಹತ್ತಿರ ಕೇಳಿಕೊಂಡು ಅದೇ ಕ್ರಮದಲ್ಲಿ ಹೇಳಿ. ಮೊದಲ ವಾರ ಕರೆದೊಯ್ಯಲು ಐದು ನಿಮಿಷ ಮುಂಚೆಯೇ ನಿಂತಿರಿ. ಬೇರೆ ಮಕ್ಕಳೆಲ್ಲ ಹೋಗಿ ತಾನೊಬ್ಬಳೇ ಉಳಿದರೆ ಅದುವರೆಗೆ ಗಳಿಸಿದ್ದೆಲ್ಲ ಹೋಯ್ತು.

ಅಮ್ಮನ ಓಢಣಿಯ ತುಂಡೋ ಕರ್ಚೀಫೋ ಜೇಬಿನಲ್ಲಿಡಲು ಬಿಡ್ತಾರಾ ಕೇಳಿ. ಬಹಳ ಟೀಚರುಗಳು ಬೇಡ ಅನ್ನಲ್ಲ.

ಮಕ್ಕಳ ಡಾಕ್ಟ್ರು, ಪುಣೆ

ಮನೆಗೆ ಬಂದ ಮೇಲಿನದ್ದು. ಶಾಲೆಯಲ್ಲಿ ಜಾಣೆಯಾಗಿದ್ದು ಮನೆ ಬಾಗಿಲಲ್ಲಿ ಚಪ್ಪಲಿ ಎಸೆದು ಕಿರುಚುತ್ತಾಳೆ ಅಂದರೆ ಗಾಬರಿ ಬೇಡ, ಇಡೀ ಹೊತ್ತು ಬಿಗಿಹಿಡಿದದ್ದನ್ನು ಸಡಿಲ ಬಿಡೋ ಜಾಗ ಮನೆ. ಮೊದಲು ತಿಂಡಿ ಮತ್ತು ನೀರು, ಆಮೇಲೆ ಅರ್ಧ ಗಂಟೆ ಯಾರೂ ಏನೂ ಕೇಳಬಾರದು. "ಇವತ್ತು ಏನು ಕಲಿಸಿದ್ರು" ಅಂದರೆ "ಏನಿಲ್ಲ" ಅಂತಲೇ ಉತ್ತರ. ಸಂಜೆ ಮೇಲೆ "ನಿನ್ನ ಪಕ್ಕ ಯಾರು ಕೂತಿದ್ರು, ಅವರ ಡಬ್ಬಿಯಲ್ಲಿ ಏನಿತ್ತು" ಅಂತ ಕೇಳಿ, ಮಾತು ತಾನೇ ಬರುತ್ತೆ. ಡ್ರಾಯಿಂಗ್ ಕ್ಲಾಸ್, ಸ್ವಿಮ್ಮಿಂಗ್ ಇವನ್ನು ಜುಲೈಗೆ ಸೇರಿಸಬೇಡಿ.

ಎರಡು-ನಾಲ್ಕು ವಾರದಲ್ಲಿ ಬೆಳಗಿನ ಅಳು ಇಳಿಯುತ್ತೆ. ಆದರೆ ನೇರ ಗೆರೆಯಲ್ಲಿ ಇಳಿಯಲ್ಲ. ಪ್ರತಿ ಸೋಮವಾರ ಒಂದು ಏರು. ಹೊಸ ಶಾಲೆಯಲ್ಲಿ ನೆಗಡಿ-ಜ್ವರ, ಮಳೆಗಾಲದಲ್ಲಿ ಕೈ-ಕಾಲು-ಬಾಯಿ ರೋಗ ಬರುತ್ತೆ, ಮೂರ್ನಾಲ್ಕು ದಿನ ಮನೆಯಲ್ಲಿದ್ದು ವಾಪಸ್ ಹೋಗೋವಾಗ ಮತ್ತೆ ಮೊದಲ ದಿನದ ಅಳು. ಗಣಪತಿ ರಜೆ, ದೀಪಾವಳಿ ರಜೆ ಆದ ಮೇಲೂ ಅಷ್ಟೇ. ಊರಿಗೆ ಹೋದರೆ ಶಾಲೆ ತೆರೆಯೋಕೆ ಎರಡು ರಾತ್ರಿ ಮುಂಚೆ ವಾಪಸ್ ಬನ್ನಿ. ಸೋಮವಾರ ನಸುಕಿಗೆ ಪನ್ವೇಲಲ್ಲಿ ರೈಲಿಳಿದು ಏಳಕ್ಕೆ ಶಾಲೆಗೆ ಕಳಿಸೋದು ಬೇಡ. ರಾತ್ರಿ ಹಾಸಿಗೆ ಒದ್ದೆ, ಬೆರಳು ಚೀಪೋದು ಕೆಲವು ವಾರ ಮರಳಿ ಬರಬಹುದು. ಸುಮ್ಮನೆ ಬಟ್ಟೆ ಬದಲಾಯಿಸಿ.

ತಡ ಮಾಡಬಾರದ್ದು ಯಾವುದು: ಒಂದು ತಿಂಗಳ ನಂತರವೂ ಶಾಲೆಯಲ್ಲಿ ಇಡೀ ಹೊತ್ತು ಅಳು, ತೂಕ ಇಳಿಯೋದು, ಶಾಲೆ ದಿನ ಮಾತ್ರ ದಿನವೂ ಹೊಟ್ಟೆನೋವು-ವಾಂತಿ. ಚೆನ್ನಾಗಿ ಹೋಗ್ತಿದ್ದ ಮಗು ಒಮ್ಮೆಲೇ ಒಬ್ಬ ವ್ಯಕ್ತಿಗೋ, ಬಸ್ಸಿಗೋ, ಟಾಯ್ಲೆಟ್‌ಗೋ ಹೆದರಿದರೆ ಅದನ್ನು ಹೊಂದಾಣಿಕೆಯ ತೊಂದರೆ ಅಂತ ತಳ್ಳಿಹಾಕಬೇಡಿ. ಸಮಾಧಾನದಿಂದ ಕೇಳಿ, ಅದೇ ದಿನ ಶಾಲೆಗೆ ಹೋಗಿ ನೋಡಿ. ಮಕ್ಕಳ ಸಹಾಯವಾಣಿ 1098.

ಮಾತು-ಭಾಷೆ ಥೆರಪಿಸ್ಟ್, ಕೋಥ್ರೂಡ್

ಇದಕ್ಕೆ ಒಂದು ಸೇರಿಸಿ. ಮೊದಲ ತಿಂಗಳ ಮೌನವನ್ನು ಲೆಕ್ಕಕ್ಕೆ ಇಡಬಾರದು, ಭಾಷೆ ಗೊತ್ತಿಲ್ಲದ ಮೌನವನ್ನೂ ಇಡಬಾರದು. ಆದರೆ ಮನೆಯಲ್ಲಿ ಪಟಪಟ ಮಾತಾಡೋ ಮಗು, ಹೊರಗೆ ಕನ್ನಡ ಬಲ್ಲವರ ಮುಂದೆಯೂ ತಿಂಗಳುಗಟ್ಟಲೆ ಒಂದಕ್ಷರ ಆಡದಿದ್ದರೆ ಅದು ಭಾಷೆಯ ಪ್ರಶ್ನೆಯಲ್ಲ. ಆಗ ಮಕ್ಕಳ ಮನೋತಜ್ಞರನ್ನು ಕಾಣಿ. "ಮಾತಾಡು, ಮಾತಾಡು" ಅಂತ ಎಲ್ಲರೆದುರು ಒತ್ತಾಯಿಸೋದು ಅದನ್ನು ಬಿಗಿಗೊಳಿಸುತ್ತೆ.

ಘೋಡ್‌ಬಂದರ್ ರೋಡ್ ಅಪ್ಪ

ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆ: ಇಬ್ಬರೂ ಒಂದೇ ಗೇಟು. ತಂಗಿ ಅತ್ತರೆ ಅಣ್ಣನ ಕ್ಲಾಸಲ್ಲಿ ಸ್ವಲ್ಪ ಹೊತ್ತು ಕೂರಿಸ್ತೀವಿ ಅಂತ ಶಾಲೆಯವರು ಹೇಳಿದ್ದಾರೆ. ಒಪ್ಪಬಹುದಾ?

ಪ್ರೈಮರಿ ಮೇಡಂ, ಡೊಂಬಿವಲಿ

ಬೇಡ. ಅವಳಿಗೆ ಅಳು ಅಂದರೆ ಅಣ್ಣನ ಬೆಂಚು ಅಂತ ರೂಢಿಯಾಗುತ್ತೆ, ಅವನಿಗೂ ಹೊಸ ಕ್ಲಾಸಲ್ಲಿ ಗೆಳೆತನ ಕೂಡಿಸೋ ಹೊತ್ತಿಗೆ ತಂಗಿಯ ಉಸ್ತುವಾರಿ ಬೀಳುತ್ತೆ. ಅವನನ್ನು ಮೊದಲು ಒಳಗೆ ಕಳಿಸಿ, ಅವನು ಮೂಲೆ ತಿರುಗಿದ ಮೇಲೆ ಅವಳನ್ನು ಕರ್ಕೊಂಡು ಬನ್ನಿ. ಅವಳ ಮೊದಲ ವಾರ ಒಂದು-ಒಂದೂವರೆ ಗಂಟೆಯದ್ದಾ ಪೂರ್ತಿಯದ್ದಾ ಅಂತ ನಾಳೆಯೇ ಫೋನ್ ಮಾಡಿ ಕೇಳಿ. ಪೂರ್ತಿ ಅಂದರೆ ಮೊದಲ ಮೂರು ದಿನ ರೀಸೆಸ್ ಆದ ಮೇಲೆ ಕರೆದೊಯ್ಯಲು ಬಿಡ್ತೀರಾ ಅಂತಲೂ ಕೇಳಿ. ಡಬ್ಬಿ ತಿಂದ ಮೇಲೆ ಕರೆದೊಯ್ಯಿರಿ, ಅದಕ್ಕೆ ಮುಂಚೆ ಬೇಡ.